ನರಿಮರಿ ಕದ್ದ ವೀರ

“ನಮ್ಮ ಹುಡುಗರು ಮೆತ್ತಗಾಗಿದ್ದಾರೆ, ಸ್ಪಾರ್ಟಾ ನೋಡಿ ಕಲಿಯಿರಿ.” ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಈ ಸಂದೇಶ ಮೂರನೇ ಸಲ ಬಂತು. ಜೊತೆಗೆ ಕೆಂಪು ಹೊದಿಕೆಯ, ಅಂಗಿ ಇಲ್ಲದ ಕಟ್ಟುಮಸ್ತು ಯೋಧನ ಚಿತ್ರ. ಕಳಿಸಿದವರು ಎರಡನೇ ಮಹಡಿಗೂ ಲಿಫ್ಟ್‌ನಲ್ಲೇ ಹೋಗುವವರು. ಇರಲಿ, ಕಲಿಯೋಣ. ಸ್ಪಾರ್ಟಾ ಅಂದರೆ ಪ್ರಾಚೀನ ಗ್ರೀಸಿನ ಒಂದು ನಗರರಾಜ್ಯ, ಯೋಧರಿಗೆ ಹೆಸರುವಾಸಿ.

7 ವರ್ಷ ತುಂಬಿತೋ, ಹುಡುಗ ತಾಯಿಯ ಮಡಿಲಿಂದ ಸರ್ಕಾರದ ಹಿಂಡಿಗೆ. ಉಸ್ತುವಾರಿಗೆ ಒಬ್ಬ ಅಧಿಕಾರಿ, ಅವನ ಹಿಂದೆ ಚಾವಟಿ ಹಿಡಿದ ತರುಣರು. ಕಾಲಿಗೆ ಚಪ್ಪಲಿ ಇಲ್ಲ. 12 ಆದಮೇಲೆ ವರ್ಷಕ್ಕೆ ಒಂದೇ ಹೊದಿಕೆ. ಹಾಸಿಗೆ ಬೇಕಾ? ಯೂರೋಟಾಸ್ ಹೊಳೆಗೆ ಹೋಗಿ ಜೊಂಡು ಮುರಿದು ತಾ, ಬರೀ ಕೈಯಲ್ಲಿ, ಚಾಕು ಮುಟ್ಟಬೇಡ. ಊಟ ಬೇಕಂತಲೇ ಕಡಿಮೆ. ಸಾಲದಿದ್ದರೆ ಕದಿ. ಸಿಕ್ಕಿಬಿದ್ದರೆ ಏಟು. ಕದ್ದದ್ದಕ್ಕಲ್ಲ, ಸಿಕ್ಕಿಬಿದ್ದದ್ದಕ್ಕೆ. ಇದೊಂದು ಪಾಠವನ್ನು ಮಾತ್ರ ಲೋಕವೆಲ್ಲ ಚೆನ್ನಾಗಿ ಕಲಿತಿದೆ ಅನ್ನಿ.

ನರಿಮರಿ ಕಥೆ ನಿಮಗೆ ಗೊತ್ತೇ ಇದೆ. ಕದ್ದ ಮರಿಯನ್ನು ಹುಡುಗ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡ. ಅದು ಹೊಟ್ಟೆ ಬಗೆಯಿತು. ಪಿಟ್ಟೆನ್ನದೆ ಸತ್ತ. ಭೇಷ್! ನನಗೆ ಮಾತ್ರ ಒಂದು ಅನುಮಾನ. ಹಸಿದ ಹುಡುಗ ನರಿಯನ್ನೇ ಯಾಕೆ ಕದ್ದ? ಕೋಳಿ ಕದಿಯುವುದು ನರಿಯ ಕಸುಬು. ನರಿಯನ್ನೇ ಕದಿಯುವ ಹೊತ್ತಿಗೆ ಆ ಊರಲ್ಲಿ ಕೋಳಿಯೆಲ್ಲ ಖಾಲಿಯಾಗಿತ್ತೋ ಏನೋ. ಇದನ್ನು ಬರೆದಿಟ್ಟ ಗ್ರೀಕ್ ಲೇಖಕ ಪ್ಲುಟಾರ್ಕ್ ಸ್ಪಾರ್ಟಾದವನೂ ಅಲ್ಲ, ಆ ಕಾಲದವನೂ ಅಲ್ಲ. ನೂರಾರು ವರ್ಷ ಆಮೇಲಿನವನು. ಅಂದರೆ ಆಗಲೂ ಫಾರ್ವರ್ಡೇ!

ಆದರೆ ಅವನು ಕಣ್ಣಾರೆ ಕಂಡದ್ದೂ ಒಂದಿದೆ. ಆರ್ಟೆಮಿಸ್ ಓರ್ಥಿಯಾ ದೇವಿಯ ಬಲಿಪೀಠದಿಂದ ಹುಡುಗರು ಗಿಣ್ಣು, ಅಂದರೆ ಚೀಸ್, ಕದಿಯಬೇಕು, ಕಾವಲಿನವರು ಚಾವಟಿ ಬೀಸಬೇಕು. ಇದು ಹಳೇ ಆಟ. ರೋಮ್ ಆಳ್ವಿಕೆ ಬಂದಾಗ ಹೋರಾಡಲು ಸ್ವಂತ ರಾಜ್ಯವೇ ಉಳಿದಿರಲಿಲ್ಲ. ಗಿಣ್ಣೂ ಹೋಯಿತು. ಏಟು ಮಾತ್ರ ಉಳಿಯಿತು. ಯಾರು ಜಾಸ್ತಿ ತಡೆದುಕೊಳ್ಳುತ್ತಾರೆ ಅನ್ನುವುದೇ ಸ್ಪರ್ಧೆ. ಹುಡುಗರು ಅಲ್ಲೇ ಸತ್ತದ್ದನ್ನು ನೋಡಿದ್ದೇನೆ ಅನ್ನುತ್ತಾನೆ ಪ್ಲುಟಾರ್ಕ್. ನೋಡಲು ಜನ ಎಷ್ಟು ಬರುತ್ತಿದ್ದರೆಂದರೆ, ಕ್ರಿ.ಶ. 3ನೇ ಶತಮಾನದಲ್ಲಿ ಬಲಿಪೀಠದ ಸುತ್ತ ಕಲ್ಲಿನ ಗ್ಯಾಲರಿಯನ್ನೇ ಕಟ್ಟಿದರು. ಕೂತು ನೋಡುವವರಿಗೆ ಬೆನ್ನು ನೋಯಬಾರದು, ಅಲ್ವಾ?

ಪಟ್ಟಕ್ಕೆ ಬರುವ ರಾಜಕುಮಾರನಿಗೆ ಈ ತರಬೇತಿಯಿಂದ ವಿನಾಯಿತಿ ಇತ್ತು. ಅದು ಫಾರ್ವರ್ಡ್‌ನಲ್ಲಿ ಇಲ್ಲ.

ಇನ್ನೊಂದೂ ಇಲ್ಲ. ಈ ವೀರರಿಗೆ ಅನ್ನ ಹಾಕಿದವರು ಹೆಲಟ್‌ಗಳು, ಅಂದರೆ ಜೀತದ ರೈತರು. ಅವರ ಮೇಲೆ ಆಳುವವರು ಪ್ರತಿ ವರ್ಷ ಅಧಿಕೃತವಾಗಿ ಯುದ್ಧ ಸಾರುತ್ತಿದ್ದರು. ಯಾಕೆಂದರೆ ಯುದ್ಧದಲ್ಲಿ ಕೊಂದರೆ ಪಾಪ ಅಂಟುವುದಿಲ್ಲ. ಆಯ್ದ ತರುಣರಿಗೆ ಕಠಾರಿ ಕೊಟ್ಟು ಕಳಿಸುತ್ತಿದ್ದರು. ಹಗಲು ಅಡಗಿರು, ರಾತ್ರಿ ದಾರಿಯಲ್ಲಿ ಸಿಕ್ಕ ಹೆಲಟನನ್ನು ಕೊಲ್ಲು. ಹೊಲದಲ್ಲಿ ಗಟ್ಟಿಮುಟ್ಟಾದವನು ಕಂಡರೆ ಅವನನ್ನೂ ಕೊಲ್ಲು. ತಮಾಷೆ ಮಾಡಲು ಇಲ್ಲಿ ಏನೂ ಇಲ್ಲ. ತಮಗೆ ಉಣ್ಣಿಸುವವನನ್ನು ಕತ್ತಲಲ್ಲಿ ಕೊಲ್ಲಲು ಮಕ್ಕಳನ್ನು ತಯಾರು ಮಾಡುತ್ತಿದ್ದರು. ಅದನ್ನು ಇವತ್ತು ನಾವು ‘ಶುಭೋದಯ’ದ ಜೊತೆ ಹಂಚುತ್ತೇವೆ. ಸಾಕಪ್ಪಾ.

ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದ ಯುದ್ಧದಲ್ಲಿ ಇನ್ನೊಂದು ಗ್ರೀಕ್ ನಗರವಾದ ಥೀಬ್ಸ್‌ನವರು ಹೊಡೆದ ಏಟಿಗೆ, ಹೋಗಿದ್ದ 700 ಅಪ್ಪಟ ಸ್ಪಾರ್ಟಾದವರಲ್ಲಿ 400 ಜನ ಸತ್ತರು. ಸ್ಪಾರ್ಟಾ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಸತ್ತವರ ಜಾಗ ತುಂಬಿಸಲು ಗಂಡಸರೇ ಇರಲಿಲ್ಲ.

ಇಷ್ಟನ್ನೂ ಗುಂಪಿನಲ್ಲಿ ಬರೆದು ಹಾಕಿದೆ. ಎರಡನೇ ಮಹಡಿಯವರು ಒಂದು ಹೆಬ್ಬೆಟ್ಟು ಒತ್ತಿದರು. ಅದರ ಕೆಳಗೇ ಬರೆದರು: “ಲಿಫ್ಟ್ ಮತ್ತೆ ಕೆಟ್ಟಿದೆ. ಯಾರಾದ್ರೂ ಬೇಗ ನೋಡಿ.”