ರಫೇಲ್‌ಗೆ ದಾರಿಯಲ್ಲಿ ಇಂಧನ ಕೊಟ್ಟವರು ಯಾರು?

2020ರ ಜುಲೈ 29ರಂದು ಮೊದಲ ಐದು ರಫೇಲ್ ವಿಮಾನಗಳು ಅಂಬಾಲಾದಲ್ಲಿ ಇಳಿದಾಗ ಬದಿಯಡ್ಕದ ನಮ್ಮ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕುಳಿತಿದ್ದೆವು. ನಡುದಾರಿಯಲ್ಲಿ ಅವು ತಂಗಿದ್ದು ಅಬುಧಾಬಿಯ ಅಲ್ ದಫ್ರಾ ನೆಲೆಯಲ್ಲಿ. ಅಬುಧಾಬಿಯಲ್ಲೇ ದುಡಿಯುತ್ತಿದ್ದ ನನ್ನ ಭಾವ ಹಿಂದಿನ ದಿನ ಫೋನಿನಲ್ಲಿ ಆ ಸುದ್ದಿಯನ್ನು ಬಹಳ ಹೆಮ್ಮೆಯಿಂದ ಹೇಳಿದ್ದರು. ಆದರೆ ಫ್ರಾನ್ಸಿನಿಂದ ಅಲ್ಲಿಗೆ ಬರುವ ದಾರಿಯಲ್ಲಿ ಅವುಗಳಿಗೆ ಆಕಾಶದಲ್ಲೇ ಇಂಧನ ತುಂಬಿದ್ದು ಫ್ರೆಂಚ್ ವಾಯುಪಡೆಯ ಎ-330 ಟ್ಯಾಂಕರ್ ಎಂಬುದನ್ನು ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಯುದ್ಧವಿಮಾನ ಕೊಳ್ಳುವಾಗ ನಮಗಿರುವ ಆತುರದಲ್ಲಿ ಅರ್ಧದಷ್ಟಾದರೂ ಟ್ಯಾಂಕರ್ ವಿಚಾರದಲ್ಲಿ ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟ್ಯಾಂಕರ್ ಬೇಕಾಗುವುದು ದೂರ ಹಾರುವುದಕ್ಕೆ ಮಾತ್ರವಲ್ಲ. ಗಾಳಿ ತೆಳುವಾಗಿರುವ ಲೇಹ್‌ನಂಥ ಎತ್ತರದ ನೆಲೆಯಿಂದ ಏಳುವ ವಿಮಾನವು ಪೂರ್ತಿ ಶಸ್ತ್ರ, ಪೂರ್ತಿ ಇಂಧನ ಎರಡನ್ನೂ ಹೊತ್ತು ಮೇಲೇರಲಾರದು. ಶಸ್ತ್ರಗಳೊಂದಿಗೆ ಸ್ವಲ್ಪ ಇಂಧನದಲ್ಲಿ ಎದ್ದು, ಉಳಿದದ್ದನ್ನು ಮೇಲೆ ತುಂಬಿಸಿಕೊಂಡರೆ ಆ ಕೊರತೆ ನೀಗುತ್ತದೆ.

ಈ ಕೆಲಸ ಎಷ್ಟು ನಾಜೂಕಿನದೆಂದರೆ, ಟ್ಯಾಂಕರ್ ಹಿಂದಕ್ಕೆ ಇಳಿಬಿಟ್ಟ ಉದ್ದನೆಯ ಕೊಳವೆಯ ತುದಿಯಲ್ಲಿ ಬುಟ್ಟಿಯಂಥ ಡ್ರೋಗ್ ಇರುತ್ತದೆ. ಹಿಂದಿನಿಂದ ಬರುವ ಪೈಲಟ್ ತನ್ನ ವಿಮಾನದ ಪ್ರೋಬನ್ನು, ಅಂದರೆ ಇಂಧನ ಪಡೆಯುವ ಮುಂಚಾಚಿದ ನಳಿಗೆಯನ್ನು, ಅದರೊಳಗೆ ಸೇರಿಸಬೇಕು, ಆದರೆ ಅವನ ವಿಮಾನ ತಳ್ಳುವ ಗಾಳಿಗೇ ಆ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. 2018ರ ಸೆಪ್ಟೆಂಬರ್ 10ರಂದು ನಮ್ಮ ತೇಜಸ್ 20,000 ಅಡಿ ಎತ್ತರದಲ್ಲಿ ಐಎಲ್-78 ಟ್ಯಾಂಕರಿನಿಂದ 1,900 ಕಿಲೋ ಇಂಧನ ಪಡೆದ ಸುದ್ದಿ ಓದಿದಾಗ, ರಫೇಲ್ ಬಂದ ದಿನಕ್ಕಿಂತ ಹೆಚ್ಚಿನ ಸಂಭ್ರಮ ಅದಕ್ಕೆ ಸಲ್ಲಬೇಕೆಂದು ಈಗಲೂ ನನಗೆ ಅನಿಸುತ್ತದೆ.

ಆ ಐಎಲ್-78ಗಳು ನಮ್ಮಲ್ಲಿರುವುದು ಆರೇ ಆರು. 2003ರಲ್ಲಿ ಸೇವೆಗೆ ಸೇರಿದ ಇವುಗಳ ನೆಲೆ ಆಗ್ರಾ. ಇವು ಹಾರಾಟಕ್ಕೆ ಸಿಗುವ ಪ್ರಮಾಣ ತೀರ ಕಡಿಮೆಯೆಂದು ಮಹಾಲೇಖಪಾಲರ 2017ರ ವರದಿಯೇ ಹೇಳಿತ್ತು. ಹೊಸದನ್ನು ಕೊಳ್ಳಲು ಎ-330ನ್ನು ಎರಡು ಬಾರಿ ಆರಿಸಿದರೂ ಎರಡು ಬಾರಿಯೂ ವೆಚ್ಚದ ಮಾತಿನಲ್ಲಿ ಖರೀದಿ ಕೈಬಿಟ್ಟುಹೋಯಿತು. ಇದರ ಜೊತೆಗೆ, ನಮ್ಮ ಸಿ-17 ಸಾಗಣೆ ವಿಮಾನ ಇಂಧನ ಪಡೆಯುವುದು ಬೂಮ್ ಎಂಬ ಗಟ್ಟಿ ಕೊಳವೆಯಿಂದ; ಐಎಲ್-78ರಲ್ಲಿ ಬೂಮ್ ಇಲ್ಲವೇ ಇಲ್ಲ. ಮುಂದೆ ಕೊಳ್ಳುವ ಟ್ಯಾಂಕರಿನಲ್ಲಿ ಬುಟ್ಟಿಯೂ ಬೂಮೂ ಎರಡೂ ಇರಲೇಬೇಕು.

2025ರಲ್ಲಿ ಒಂದು ಕೆಸಿ-135 ಟ್ಯಾಂಕರನ್ನು ಅಮೆರಿಕದ ಖಾಸಗಿ ಸಂಸ್ಥೆಯಿಂದ, ಅದರದೇ ಸಿಬ್ಬಂದಿಯ ಸಮೇತ, ಬಾಡಿಗೆಗೆ ಪಡೆಯಲಾಯಿತು. ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿಗೆ ಅದರಿಂದ ನಿಜವಾದ ಪ್ರಯೋಜನವಿದೆ, ಆ ನಿರ್ಧಾರವನ್ನು ನಾನು ಒಪ್ಪುತ್ತೇನೆ. ಆದರೆ ಯುದ್ಧದ ರಾತ್ರಿ ಗಡಿಯ ಬಳಿ ಹಾರುತ್ತ ನಮ್ಮವರಿಗಾಗಿ ಕಾಯಬೇಕಾದ ಟ್ಯಾಂಕರಿನಲ್ಲಿ ನಮ್ಮದೇ ಸಿಬ್ಬಂದಿ ಇರಬೇಕು, ಅದಕ್ಕೆ ವಿಮಾನವೂ ನಮ್ಮದೇ ಆಗಿರಬೇಕು.