ಕೊಲರಾಡೊಗೆ ಹೊರಟ ತೋಳರಾಯರಿಗೆ ಒಂದು ತಿಳುವಳಿಕೆ ಪತ್ರ

ಮಾನ್ಯ ತೋಳರಾಯರೇ,

ತಮ್ಮ ಮುತ್ತಜ್ಜಂದಿರನ್ನು ಅಮೆರಿಕದ ಕೊಲರಾಡೊ ರಾಜ್ಯದವರು ವಿಷವಿಟ್ಟು, ಬೋನು ಹಾಕಿ, ಗುಂಡು ಹೊಡೆದು 1940ರ ದಶಕದ ಹೊತ್ತಿಗೆ ಪೂರ್ತಿ ಮುಗಿಸಿದರು. ಆ ಕೆಲಸಕ್ಕೆ ಸರ್ಕಾರಿ ಸಂಬಳ ತಿನ್ನುವ ಬೇಟೆಗಾರರೇ ಇದ್ದರು. ಈಗ ಅದೇ ಕೊಲರಾಡೊ ಹೆಲಿಕಾಪ್ಟರಿನಿಂದ ಮತ್ತಿನ ಸೂಜಿ ಹೊಡೆದು, ಪೆಟ್ಟಿಗೆಗೆ ತುಂಬಿ, ವಿಮಾನ ಹತ್ತಿಸಿ ತಮ್ಮನ್ನು ಕರೆಸಿಕೊಳ್ಳುತ್ತಿದೆ. ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಆದರೆ ಈ ಪತ್ರ ಪೂರ್ತಿ ಓದುವತನಕ ಪೆಟ್ಟಿಗೆಯಿಂದ ಕಾಲು ಹೊರಗಿಡಲೂ ಬೇಡಿ.

ಮೊದಲು, ತಮ್ಮನ್ನು ಕರೆದವರು ಯಾರು ಎಂಬುದು. ನಮ್ಮ ಕಡೆ ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಕೊಲರಾಡೊದಲ್ಲಿ ಆಳಿಗೊಂದು ವೋಟು. 2020ರ ನವೆಂಬರಿನಲ್ಲಿ ಅಧ್ಯಕ್ಷರನ್ನು ಆರಿಸುವ ಮತಪತ್ರದಲ್ಲೇ ಪ್ರೊಪೊಸಿಷನ್ 114 ಎಂಬ ಪ್ರಶ್ನೆಯೂ ಇತ್ತು: ತೋಳ ಬೇಕೋ ಬೇಡವೋ? ಬೇಕು ಎಂದವರು ಶೇ. 50.91, ಬೇಡ ಎಂದವರು ಶೇ. 49.09. ಬೇಕು ಎಂದು ಗುರುತು ಹಾಕಿ ಗೆಲ್ಲಿಸಿದವರು ಹೆಚ್ಚಾಗಿ ಡೆನ್ವರ್, ಬೌಲ್ಡರ್ ಕಡೆಯ ಪಟ್ಟಣಿಗರು. ತಮ್ಮನ್ನು ಬಿಡಬೇಕಾದದ್ದು ಮಾತ್ರ ರಾಕಿ ಪರ್ವತದ ನೆತ್ತಿಯಿಂದ ಪಶ್ಚಿಮಕ್ಕೆ, ಅಂದರೆ ಬಹುತೇಕ ಬೇಡವೇ ಬೇಡ ಎಂದ ದನಗಾಹಿ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ). ಮತಪತ್ರದಲ್ಲೇ ಹಾಗೆ ಬರೆದಿತ್ತು. ಆಹ್ವಾನ ಕೊಟ್ಟವರ ಮನೆಗೆ ತಾವು ಹೋಗುವಂತಿಲ್ಲ. ಬಾಗಿಲು ಹಾಕಿಕೊಂಡವರ ಮನೆಯಲ್ಲೇ ಊಟ, ವಸತಿ. ಮತದಾನಕ್ಕೆ ಮೊದಲೇ ತಮ್ಮ ಕುಲದ ಕೆಲವರು ಉತ್ತರದ ನೆರೆ ರಾಜ್ಯ ವಯೋಮಿಂಗ್ ಕಡೆಯಿಂದ ಯಾರನ್ನೂ ಕೇಳದೆ ಕಾಲ್ನಡಿಗೆಯಲ್ಲಿ ಬಂದಿದ್ದರು ಎಂಬುದು ಬೇರೆ ಮಾತು. ವೋಟಿಲ್ಲದೆ ಬಂದವರನ್ನು ಪ್ರಜಾಪ್ರಭುತ್ವ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಡುವು 2023ರ ಡಿಸೆಂಬರ್ 31. ಮೂರು ವರ್ಷ ಯೋಜನೆ ಬರೆದು, ಸಭೆ ನಡೆಸಿ, ಗಡುವಿಗೆ ಹದಿಮೂರು ದಿನ ಬಾಕಿ ಇರುವಾಗ ಆರೆಗನ್ ರಾಜ್ಯದ ಐದು ತೋಳಗಳನ್ನು ಗ್ರ್ಯಾಂಡ್ ಕೌಂಟಿಯಲ್ಲಿ ಬಿಟ್ಟರು. ಅದೇ ವಾರ ಇನ್ನೈದು. ಪಕ್ಕದಲ್ಲೇ ಇರುವ ವಯೋಮಿಂಗ್, ಅಲ್ಲಿಂದಾಚೆಯ ಐಡಹೊ, ಮೊಂಟಾನಾ ರಾಜ್ಯಗಳಲ್ಲಿ ತೋಳಗಳಿಗೆ ಬರವಿಲ್ಲ; ಆದರೂ ಮೂವರೂ ಕೊಡುವುದಿಲ್ಲ ಎಂದರು. ಕೊಟ್ಟ ಆರೆಗನ್ನಾದರೂ ಎಂಥವರನ್ನು ಕೊಟ್ಟಿತು? ಅಲ್ಲಿ ದನ ತಿಂದ ದಾಖಲೆಯಿದ್ದ ಗುಂಪಿನವರೂ ಆ ಹತ್ತರಲ್ಲಿ ಇದ್ದರು. ನೌಕರಿಗೆ ಕರೆದವರು ನಡತೆ ಪ್ರಮಾಣಪತ್ರ ಕೇಳಲು ಮರೆತಿದ್ದರು.

ಇನ್ನು ಸರಹದ್ದು. ಇದನ್ನು ಗಮನವಿಟ್ಟು ಓದಿ, ಓದದವರು ಬದುಕಿಲ್ಲ. ಕೊಲರಾಡೊದೊಳಗೆ ತಾವು ಕಾನೂನಿನ ರಕ್ಷಣೆಯಲ್ಲಿರುವ ಅತಿಥಿ. ಕೊರಳಲ್ಲಿ ರೇಡಿಯೋ ಕಾಲರ್, ಕಡತದಲ್ಲಿ ನಾಲ್ಕಂಕಿಯ ನಂಬರು, ತಮ್ಮ ಓಡಾಟ ತೋರಿಸಲು ತಿಂಗಳಿಗೊಂದು ನಕ್ಷೆ. ಉತ್ತರಕ್ಕೆ ಒಂದು ಅದೃಶ್ಯ ಗೆರೆ ದಾಟಿದಿರೋ, ವಯೋಮಿಂಗ್. ಆ ರಾಜ್ಯದ ಸುಮಾರು ಶೇ. 85 ಭಾಗದಲ್ಲಿ ತಮ್ಮನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ, ಎಷ್ಟು ಬೇಕಾದರೂ, ಲೈಸೆನ್ಸಿಲ್ಲದೆ ಹೊಡೆಯಬಹುದು. ಹೊಡೆದವರ ಮೇಲಿರುವ ಜವಾಬ್ದಾರಿ ಒಂದೇ, ಹತ್ತು ದಿನದೊಳಗೆ ವರದಿ ಕೊಡುವುದು. ಗೆರೆಯ ಮೇಲೆ ಬೇಲಿಯಿಲ್ಲ, ಬೋರ್ಡಿದ್ದರೂ ಅದು ಕಾರಿನವರಿಗೆ. ಇದು ಗೊತ್ತಿದ್ದೇ ಕೊಲರಾಡೊದ ಯೋಜನೆ ತಮ್ಮನ್ನು ಗಡಿಯಿಂದ ಕನಿಷ್ಠ 60 ಮೈಲಿ ಒಳಗೆ ಬಿಡಬೇಕು ಎಂದು ವಿಧಿಸಿದೆ. ಬಹಳ ದೂರಾಲೋಚನೆ. ತಮಗದು ಎರಡು ದಿನದ ನಡಿಗೆ. 2025ರ ಜನವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ತಂದ ಹದಿನೈದರಲ್ಲಿ ಒಬ್ಬರು ಮಾರ್ಚ್ ಹೊತ್ತಿಗೆ ವಯೋಮಿಂಗ್ ತಲುಪಿ, ಕುರಿ ಮುರಿದು, ಅಮೆರಿಕದ ಕೇಂದ್ರ ಸರ್ಕಾರದ ನೌಕರರ ಗುಂಡಿಗೆ ಬಲಿಯಾದರು.

ವಯೋಮಿಂಗಿನ ಕಾನೂನು ಎಷ್ಟು ಸೂಕ್ಷ್ಮ ಎಂದರೆ, 2024ರಲ್ಲಿ ಡೇನಿಯಲ್ ಎಂಬ ಪುಟ್ಟ ಊರಿನವನೊಬ್ಬ ಹಿಮದ ಮೇಲೋಡುವ ಮೋಟಾರು ಗಾಡಿ ಹತ್ತಿಸಿ ಒಂದು ತೋಳವನ್ನು ನಜ್ಜುಗುಜ್ಜು ಮಾಡಿ, ಬಾಯಿಗೆ ಟೇಪು ಸುತ್ತಿ, ಬಾರಿಗೆ ಕರೆದೊಯ್ದು ಪ್ರದರ್ಶಿಸಿ, ಆಮೇಲೆ ಕೊಂದ. ಕಾನೂನು ಸುಮ್ಮನಿರಲಿಲ್ಲ, 250 ಡಾಲರ್ ದಂಡ ಹಾಕಿತು. ಕೊಂದದ್ದಕ್ಕಲ್ಲ, ಅದು ಸಕ್ರಮ. ಜೀವಂತ ಕಾಡುಪ್ರಾಣಿಯನ್ನು ಇಟ್ಟುಕೊಂಡದ್ದಕ್ಕೆ. ಕ್ರೌರ್ಯದ ಮೊಕದ್ದಮೆ ಹೂಡಬೇಕು ಎಂದು ಅಲ್ಲಿನವರಿಗೆ ತೋಚಲು ಮರುವರ್ಷವಾಯಿತು. ನಮ್ಮ ವಿಜಯಪುರದ ತೋಳ ಸೊಲ್ಲಾಪುರಕ್ಕೆ ದಾಟಿದರೆ ಎರಡೂ ಕಡೆ 1972ರ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲೇ ಇರುತ್ತದೆ. ಕನ್ನಡ ಕುರಿ ಹೋಗಿ ಮರಾಠಿ ಕುರಿ ಸಿಗುತ್ತದೆ, ಅಷ್ಟೇ. ಆ ಸೌಕರ್ಯ ತಮಗಿಲ್ಲ.

ಊಟದ ವಿಚಾರಕ್ಕೆ ಬರೋಣ. ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ. ಮೂವತ್ತು ದಿನದೊಳಗೆ ಮೂರು ಅಥವಾ ಹೆಚ್ಚು ಸಲ ಜಾನುವಾರಿನ ಮೇಲೆ ಬಿದ್ದು, ಅದರಲ್ಲಿ ಒಂದಕ್ಕಾದರೂ ‘ಸ್ಪಷ್ಟ ಹಾಗೂ ಮನವರಿಕೆಯಾಗುವ’ ಪುರಾವೆ ಸಿಕ್ಕರೆ ಮಾತ್ರ ತಾವು ‘ಪದೇ ಪದೇ ತಪ್ಪು ಮಾಡುವವರ’ ಪಟ್ಟಿಗೆ ಸೇರುತ್ತೀರಿ. ಒಂದನೇ ತಾರೀಖಿಗೊಂದು ಕರು, ಹದಿನೈದಕ್ಕೊಂದು, ಮುಂದಿನದು ಮೂವತ್ತೆರಡನೇ ದಿನಕ್ಕೆ ಎಂದು ಹೊಂದಿಸಿಕೊಂಡರೆ ತಾವು ಸಂಭಾವಿತರು. ಆದರೆ ಕರುವನ್ನು ಅಟ್ಟುತ್ತಿರುವಾಗಲೇ ಯಜಮಾನನ ಕಣ್ಣಿಗೆ ಬಿದ್ದರೆ ಕ್ಯಾಲೆಂಡರ್ ತೋರಿಸಲು ಪುರುಸೊತ್ತಿರುವುದಿಲ್ಲ. ತಮ್ಮನ್ನು ‘ಪ್ರಾಯೋಗಿಕ ಸಂತತಿ’ ಎಂದು ಘೋಷಿಸಿದ ಕೇಂದ್ರದ ನಿಯಮ, ಹಾಗೆ ಸ್ಥಳದಲ್ಲೇ ಸಿಕ್ಕವರನ್ನು ಹೊಡೆಯಲು ಅವನಿಗೆ ಅವಕಾಶ ಕೊಟ್ಟಿದೆ.

ತಾವು ಉಂಡೆದ್ದು ಹೋದ ಮೇಲೆ ಮಹಜರು ನಡೆಯುತ್ತದೆ. ಇಷ್ಟು ವರ್ಷ ದನದವರು, ತೋಳಪ್ರಿಯರು ಎರಡೂ ಕಡೆಯವರು ಇದನ್ನೊಂದು ಸರಿಯಾಗಿ ತಿಳಿದುಕೊಂಡಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ. ಬೆಳಿಗ್ಗೆ ಹೆಣ ಕಂಡವನು ಅದನ್ನು ಎಳೆದಾಡಬಾರದು. ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಬೇಕು, ಹೆಜ್ಜೆ ಗುರುತಿನ ಮೇಲೆ ಬಕೆಟ್ ಬೋರಲು ಹಾಕಬೇಕು, ನಾಯಿ ಕಟ್ಟಬೇಕು, ಫೋನು ಮಾಡಬೇಕು. ಅಧಿಕಾರಿ ಬಂದು ಮೊದಲು ಮಾಡುವ ಕೆಲಸ ಚರ್ಮ ಸುಲಿಯುವುದು. ಹೊರಗಿನ ಗಾಯದಿಂದ ಏನೂ ಗೊತ್ತಾಗುವುದಿಲ್ಲ. ಸತ್ತ ದನವನ್ನು ಕಾಯೋಟಿ ನರಿ, ಕಾಗೆ, ಕರಡಿ ಎಲ್ಲರೂ ಹರಿಯುತ್ತಾರೆ. ಚರ್ಮದ ಒಳಮೈ ನೋಡಬೇಕು. ಜೀವ ಇರುವಾಗ ಕಚ್ಚಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆನ್ನೀಲಿಯಾಗಿ, ಅಡಿಯ ಮಾಂಸ ಅರೆದಂತಾಗಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ತೂತು ಮಾತ್ರ, ರಕ್ತವಿಲ್ಲ. ಕೋರೆಹಲ್ಲಿನ ಎರಡು ತೂತುಗಳ ನಡುವಿನ ಅಂತರ ಅಳೆದು ಕಾಯೋಟಿಯೋ ತೋಳವೋ ಎಂದು ಹೇಳುತ್ತಾರೆ. ಹಿಂದೊಡೆ, ಬಾಲದ ಬುಡ, ಕಂಕುಳು: ಓಡುವ ದನವನ್ನು ತಾವು ಹಿಡಿಯುವ ಜಾಗಗಳನ್ನು ಮೊದಲು ತಡಕುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ ಹೆಣ ಇರಬೇಕಲ್ಲ. ಬೇಸಿಗೆಯಲ್ಲಿ ದನಗಳು ಸಾವಿರಾರು ಎಕರೆ ಸರ್ಕಾರಿ ಗುಡ್ಡದಲ್ಲಿ ಚದುರಿರುತ್ತವೆ. ಎಳೆಗರುವೊಂದು ಒಂದೆರಡು ದಿನದಲ್ಲಿ ಗೊರಸು, ಕೂದಲು ಬಿಟ್ಟು ಮಾಯ. ಶರತ್ಕಾಲದಲ್ಲಿ ದನ ಇಳಿಸಿ ಎಣಿಸಿದಾಗಷ್ಟೇ ಕೊರತೆ ತಿಳಿಯುವುದು. ಆಗ ಶುರುವಾಗುತ್ತದೆ ವಾದ. ದನ ಸಾಕುವ ರ‍್ಯಾಂಚಿನವರ ಲೆಕ್ಕದಲ್ಲಿ ಕಾಣೆಯಾದ ಪ್ರತಿ ಕರುವೂ ತಮ್ಮ ಹೊಟ್ಟೆಯಲ್ಲೇ ಇದೆ. ಬೌಲ್ಡರಿನ ತೋಳಪ್ರಿಯರ ಲೆಕ್ಕದಲ್ಲಿ ಒಂದೂ ಇಲ್ಲ. ಎಲ್ಲವನ್ನೂ ಸಿಡಿಲು, ಲಾರ್ಕ್‌ಸ್ಪರ್ ಎಂಬ ವಿಷಗಿಡ, ಎತ್ತರದ ಗಾಳಿಗೆ ಎದೆ ಊದಿ ಸಾಯುವ ಬ್ರಿಸ್ಕೆಟ್ ರೋಗ, ನ್ಯುಮೋನಿಯಾಗಳು ಹಂಚಿಕೊಂಡಿವೆ. ಅಮೆರಿಕದಲ್ಲಿ ತೋಳಕ್ಕಿಂತ ನ್ಯುಮೋನಿಯಾ ಎಷ್ಟೋ ಪಾಲು ಹೆಚ್ಚು ದನ ತಿನ್ನುತ್ತದೆ ಎಂಬುದು ನಿಜ. ಅದರ ವಿರುದ್ಧ ಯಾರೂ ಬೋರ್ಡು ಹಿಡಿದು ನಿಲ್ಲುವುದಿಲ್ಲ ಎಂಬುದೂ ನಿಜ. ಆದರೆ ನ್ಯುಮೋನಿಯಾ ರಾಜ್ಯಕ್ಕೆಲ್ಲ ಹಂಚಿ ಬರುತ್ತದೆ, ತಾವು ಗುಂಪು ಕಟ್ಟಿಕೊಂಡು ಒಬ್ಬನದೇ ಹೊಲದಲ್ಲಿ ಕೂರುತ್ತೀರಿ. ‘ಶೇಕಡಾ ಒಂದಕ್ಕಿಂತ ಕಡಿಮೆ’ ಎಂದು ಡೆನ್ವರಿನಲ್ಲಿ ಕೂತು ಹೇಳುವವರಿಗೆ ಆ ಒಬ್ಬನ ವಿಳಾಸ ಕೊಡಬೇಕು.

ಪರಿಹಾರ ಇಲ್ಲವೆಂದಲ್ಲ. ಒಂದು ದನಕ್ಕೆ ಮಾರುಕಟ್ಟೆ ಬೆಲೆ, ಗರಿಷ್ಠ 15,000 ಡಾಲರ್‌ವರೆಗೆ. ಆದರೆ ಬಿಲ್ಲಿನ ದೊಡ್ಡ ಮೊತ್ತ ಸತ್ತ ದನದ್ದಲ್ಲ, ಬದುಕಿರುವ ದನದ್ದು. ತಮ್ಮ ವಾಸನೆ ಬಡಿದ ಹಸುಗಳು ಮೇಯದೆ ಒಂದೆಡೆ ಗುಂಪುಗೂಡಿ ನಿಲ್ಲುತ್ತವೆ, ಬೇಲಿ ಮುರಿದು ಓಡುತ್ತವೆ. ಕರು ತೂಕ ಕಟ್ಟುವುದಿಲ್ಲ, ಹಸು ಗಬ್ಬ ನಿಲ್ಲುವುದಿಲ್ಲ. ಗ್ರ್ಯಾಂಡ್ ಕೌಂಟಿಯ ಎರಡು ರ‍್ಯಾಂಚುಗಳು ಹೀಗೆ ಲೆಕ್ಕ ಹಾಕಿ ಕೇಳಿದ 3.4 ಲಕ್ಷ ಡಾಲರಿಗೂ ಮೇಲ್ಪಟ್ಟ ಮೊತ್ತಕ್ಕೆ 2025ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ಪರಿಹಾರ ನಿಧಿಗೆ ರಾಜ್ಯ ವರ್ಷಕ್ಕೆ ಇಡುವುದು 3.5 ಲಕ್ಷ. ಉಳಿದದ್ದರಲ್ಲಿ ರಾಜ್ಯದ ಮಿಕ್ಕೆಲ್ಲ ದನಗಾಹಿಗಳೂ ಹಂಚಿಕೊಂಡು ಸುಖವಾಗಿರಬೇಕು.

ತಮ್ಮನ್ನು ಹೆದರಿಸುವ ಸಾಮಗ್ರಿಗಳನ್ನೂ ಪರಿಚಯ ಮಾಡಿಕೊಡಬೇಕು, ಇಲ್ಲದಿದ್ದರೆ ತಾವು ಹೆದರಲು ಮರೆತೀರಿ. ಮುಖ್ಯವಾದದ್ದು ಫ್ಲ್ಯಾಡ್ರಿ: ಹಗ್ಗಕ್ಕೆ ಒಂದೂವರೆ ಅಡಿಗೊಂದರಂತೆ ಮೊಳದುದ್ದದ ಕೆಂಪು ಬಟ್ಟೆಪಟ್ಟಿ ಹೊಲಿದು ದೊಡ್ಡಿಯ ಸುತ್ತ ಕಟ್ಟುವುದು. ನೋಡಲು ಗಣಪತಿ ಪೆಂಡಾಲಿನ ಪರಪರಿಯೇ. ಪೂರ್ವ ಯುರೋಪಿನ ಬೇಟೆಗಾರರು ತಮ್ಮ ಪೂರ್ವಿಕರನ್ನು ಬಂದೂಕಿನ ಬಾಯಿಗೆ ಅಟ್ಟಲು ಕಟ್ಟುತ್ತಿದ್ದದ್ದೂ ಇದನ್ನೇ. ಈಗ ಅದು ಸಂರಕ್ಷಣಾ ಉಪಕರಣ. ಎರಡು ತಿಂಗಳ ಮಟ್ಟಿಗೆ ಕೆಲಸ ಮಾಡುತ್ತದೆ, ಆಮೇಲೆ ತಮಗೆ ಸಲಿಗೆ ಬರುತ್ತದೆ. ಅಷ್ಟರೊಳಗೆ ಗಾಳಿಗೆ ಪಟ್ಟಿಗಳು ಹಗ್ಗಕ್ಕೆ ಸುತ್ತಿಕೊಂಡು ನಡುವೆ ತಾವು ನುಗ್ಗುವಷ್ಟು ಕಂಡಿ ಬಿದ್ದಿರುತ್ತದೆ, ಅಥವಾ ಕರುಗಳೇ ಪಟ್ಟಿ ಅಗಿದು ನುಂಗಿರುತ್ತವೆ. ಕರೆಂಟು ಹಾಯಿಸುವ ನಮೂನೆಯೂ ಉಂಟು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಷಾರ್ಟ್ ಆಗಿ ಅದೂ ಬರೀ ಪರಪರಿಯೇ. ಹಸು ಈಯುವ ಕಾಲದ ಸಣ್ಣ ದೊಡ್ಡಿಗೆ ಇದು ಒಳ್ಳೆಯ ಉಪಾಯ. ಹತ್ತು ಸಾವಿರ ಎಕರೆ ಗುಡ್ಡಕ್ಕೆ ಕಟ್ಟಿ ಎನ್ನುವವರು ಮೊದಲು ಒಂದು ಮೈಲಿ ಕಟ್ಟಿ ತೋರಿಸಲಿ. ಮಿಣುಕು ದೀಪ, ಪಟಾಕಿ ತೋಟಾ, ಕುದುರೆ ಸವಾರರ ಗಸ್ತು ಇವೆಲ್ಲವೂ ಇವೆ. ಒಂದೇ ಜಾಗ, ಒಂದೇ ವೇಳೆ ಆಗದಂತೆ ಬದಲಾಯಿಸುತ್ತಿರಬೇಕು. ಖರ್ಚಿಗೆ ತಮ್ಮ ಚಿತ್ರವಿರುವ ಕಾರಿನ ನಂಬರ್ ಪ್ಲೇಟನ್ನು ಸರ್ಕಾರ ಮಾರುತ್ತದೆ. ಡೆನ್ವರಿನ ಟ್ರಾಫಿಕ್ ಜಾಮಿನಲ್ಲಿ ತಮ್ಮ ಚಿತ್ರ ಸಿಕ್ಕಿಕೊಂಡು ನಿಂತಿರುತ್ತದೆ, ತಾವು ಸಿಕ್ಕುವುದಿಲ್ಲ.

ಬೇಟೆಗಾರರ ದುಃಖ ಬೇರೆಯೇ. ತಾವು ಎಲ್ಕ್ ಜಿಂಕೆಗಳನ್ನೆಲ್ಲ ತಿಂದು ಮುಗಿಸುತ್ತೀರಿ ಎಂಬ ಭಯ ಅವರಿಗೆ. ಕೊಲರಾಡೊದಲ್ಲಿ ಎಲ್ಕ್ 2.8 ಲಕ್ಷದ ಆಸುಪಾಸು. ಬೇಟೆಗಾರರು ವರ್ಷಕ್ಕೆ ಹೊಡೆಯುವುದೇ 30 ಸಾವಿರಕ್ಕೂ ಹೆಚ್ಚು. ತಾವು ಎಲ್ಲರೂ ಸೇರಿ ಮೂವತ್ತರ ಸುಮಾರು; ತಲೆಗೆ ವರ್ಷಕ್ಕೆ ಇಪ್ಪತ್ತು ಹಿಡಿದರೂ ಆರುನೂರು. ಒಂದು ಮಾತು ಮಾತ್ರ ಸತ್ಯ: ತಾವಿರುವ ಕಡೆ ಎಲ್ಕ್ ಬಯಲು ಬಿಟ್ಟು ಮರಗಳ ಮರೆ ಸೇರುತ್ತದೆ. ರಸ್ತೆ ಬದಿ ಗಾಡಿ ನಿಲ್ಲಿಸಿ ಕಾಫಿ ಕುಡಿಯುತ್ತಾ ಹೊಡೆಯುವ ಪರಂಪರೆಗೆ ಇದರಿಂದ ಧಕ್ಕೆ.

ತಪ್ಪು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕಾಪರ್ ಕ್ರೀಕ್ ಗುಂಪನ್ನು ನೋಡಿ. ಹೊರಗಿನಿಂದ ತಂದ ತೋಳಗಳಿಗೆ 2024ರಲ್ಲಿ ಹುಟ್ಟಿದ ಮೊದಲ ಸಂಸಾರ. ಗ್ರ್ಯಾಂಡ್ ಕೌಂಟಿಯಲ್ಲಿ ದನ, ಕುರಿ ತಿಂದಿತು. ಕೊಲ್ಲಿ ಎಂದರು ಒಬ್ಬರು, ಮರಿಗಳಿವೆ ಎಂದರು ಇನ್ನೊಬ್ಬರು. ಕಡೆಗೆ ಹಿಡಿದು ಕೂಡಿಟ್ಟರು. ಅಪ್ಪ ತೋಳ ಸೆರೆಯಲ್ಲೇ ಸತ್ತಿತು. ಮೈಯಲ್ಲಿ ಯಾರೋ ಮೊದಲೇ ಹೊಡೆದಿದ್ದ ಗುಂಡಿನ ಗಾಯವಿತ್ತು. ದನ ಹಿಡಿಯುವ ತೋಳವನ್ನು ರಾಜ್ಯದೊಳಗೆ ಬೇರೆಡೆ ಬಿಡುವುದೆಂದರೆ ತೋಳದ ಜೊತೆ ತಾಪತ್ರಯವನ್ನೂ ಸಾಗಿಸಿದಂತೆ ಎಂದು ರಾಜ್ಯದ ವನ್ಯಜೀವಿ ಇಲಾಖೆಯ ಸ್ವಂತ ಯೋಜನೆಯೇ ಹೇಳುತ್ತದೆ. ಇಲಾಖೆ ಅದನ್ನು ಬರೆದಿತ್ತು, ಓದಿರಲಿಲ್ಲ. 2025ರ ಜನವರಿಯಲ್ಲಿ ತಾಯಿ ಮರಿಗಳನ್ನು ಪಿಟ್ಕಿನ್ ಕೌಂಟಿಯಲ್ಲಿ ಬಿಟ್ಟರು. ವಸಂತ ಬಂತು, ಅಲ್ಲಿಯೂ ಕರುಗಳು ಹೋದವು. ಮೇ ಕೊನೆಗೆ ಇಲಾಖೆಯೇ ಆ ಮರಿಗಳಲ್ಲಿ ಒಂದನ್ನು ಹೊಡೆದು ಕೊಂದಿತು.

ಈಗ ತಮ್ಮ ಪ್ರಯಾಣದ ವ್ಯವಸ್ಥೆ. ಕೆನಡಾದವರಾದರೆ ಪೆಟ್ಟಿಗೆ ಬಿಚ್ಚಿ ವಾಪಸು ಹೋಗಿ. ಅಲ್ಲಿಂದ ತರಕೂಡದು, ನಮ್ಮದೇ ಉತ್ತರ ರಾಕಿ ರಾಜ್ಯಗಳಿಂದ ತನ್ನಿ ಎಂದು ಕೇಂದ್ರದ ವನ್ಯಜೀವಿ ಇಲಾಖೆ 2025ರ ಅಕ್ಟೋಬರಿನಲ್ಲಿ ತಾಕೀತು ಮಾಡಿದೆ. ಆ ರಾಜ್ಯಗಳು ಯಾವುವೆಂದರೆ, ಮುಖ್ಯವಾಗಿ, ಕೊಡುವುದಿಲ್ಲ ಎಂದ ಅದೇ ವಯೋಮಿಂಗ್, ಐಡಹೊ, ಮೊಂಟಾನಾ. ತರುವವರಿಗೆ ಅಪ್ಪಣೆಯಿರುವ ಕಡೆ ಕೊಡುವವರಿಲ್ಲ, ಕೊಡುವವರಿದ್ದ ಕಡೆ ಅಪ್ಪಣೆಯಿಲ್ಲ. ಹಾಗಾಗಿ ತಮಗೆ ಉಳಿದದ್ದು ಕಾಲ್ನಡಿಗೆ. ವಯೋಮಿಂಗಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ದಕ್ಷಿಣಕ್ಕೆ ಹೊರಟು, ಮೇಲೆ ಹೇಳಿದ ಶೇ. 85ರ ಪ್ರದೇಶವನ್ನು ರಾತ್ರಿ ಮಾತ್ರ ದಾಟಿ. ಹಗಲು ಸೇಜ್ ಪೊದೆಗಳಲ್ಲಿ ಮಲಗಿ, ಕುರಿ ಕಂಡರೆ ಬೇರೆ ಕಡೆ ನೋಡಿ. ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವುದಿಲ್ಲ, ಕೆಳಗಿನ ಮೋರಿ ಹುಡುಕಿಕೊಳ್ಳಿ. ಗೆರೆ ದಾಟಿದ ಮೇಲೆ ಎಡಗಡೆ ಡೆನ್ವರ್ ದೀಪಗಳು ಕಾಣುವಷ್ಟು ಪೂರ್ವಕ್ಕೆ ಹೋದರೆ ದಾರಿ ತಪ್ಪಿದೆ ಎಂದರ್ಥ; ಅಲ್ಲಿರುವವರು ತಮ್ಮ ಅಭಿಮಾನಿಗಳು, ತಿರುಗಿ ಬನ್ನಿ.