ಯಾವ ಮೈನ್ಸಪ್ಪಾ ನಿಮ್ಮದು?

ಬಳ್ಳಾರಿಯಲ್ಲಿ ಇದ್ದುಕೊಂಡು ‘ನಾನು ಮೆಟಲ್ ಕೇಳ್ತೀನಿ’ ಅಂತ ಯಾರಿಗೂ ಹೇಳಬಾರದು. ಹೇಳಿ ಕೆಟ್ಟವನು ನಾನು. ನಾನು ಹೇಳುವ ಮೆಟಲ್ ಒಂದು ಬಗೆಯ ಅಬ್ಬರದ ರಾಕ್ ಸಂಗೀತ, ಊರಿನವರಿಗೆ ಮೆಟಲ್ ಅಂದರೆ ಅದಿರು.

2012ರಲ್ಲಿ ನನಗೊಂದು ಹೆಣ್ಣು ನೋಡಲು ಹೋಗಿದ್ದೆವು. ನಮ್ಮ ಸೋದರಮಾವ ಮುಂಚೆಯೇ ಆ ಮನೆಗೆ ಹೋಗಿ ‘ಹುಡುಗನಿಗೆ ಮೆಟಲ್ ಅಂದ್ರೆ ಪ್ರಾಣ, ಹಗಲೂ ರಾತ್ರಿ ಅದರಲ್ಲೇ ಇರ್ತಾನೆ’ ಅಂತ ಹೊಗಳಿ ಬಂದಿದ್ದ. ಹುಡುಗಿಯ ಅಪ್ಪ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು ‘ಯಾವ ಮೈನ್ಸಪ್ಪಾ ನಿಮ್ಮದು?’ ಅಂದರು. ಹಿಂದಿನ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. ಅವರ ಚಿಂತೆ ನ್ಯಾಯವಾದದ್ದೇ.

‘ಮೈನ್ಸ್ ಅಲ್ಲ ಸಾರ್’ ಅಂದೆ.

‘ಹಂಗಾದ್ರೆ ಕ್ರಷರಾ? ಜಲ್ಲಿನೂ ಮೆಟಲ್ಲೇ ಅಲ್ವಾ’ ಅಂದರು. ಪಕ್ಕದಲ್ಲಿ ಕೂತಿದ್ದ ರಸ್ತೆ ಕಂತ್ರಾಟುದಾರರೊಬ್ಬರು ತಕ್ಷಣ ಚುರುಕಾದರು. ‘20 ಎಂಎಂ ಲೋಡು ಎಷ್ಟಕ್ಕೆ ಕೊಡ್ತೀರಿ?’

ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಅಂತ ಮೊಬೈಲ್ ತೆಗೆದು ಅರ್ಧ ನಿಮಿಷ ಡೆತ್ ಮೆಟಲ್ ಕೇಳಿಸಿದೆ, ಗಂಟಲಲ್ಲಿ ಗುರುಗುಟ್ಟುತ್ತ ಹಾಡುವ ಬಗೆ ಅದು. ಒಳಗಡೆ ಯಾವುದೋ ಮಗು ಅಳಲು ಶುರು ಮಾಡಿತು. ಹುಡುಗಿಯ ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಕಂತ್ರಾಟುದಾರರ ಕಡೆ ತಿರುಗಿ, ‘ಕ್ರಷರೇ’ ಅಂದರು.

ಆ ಸಂಬಂಧ ಕೂಡಿಬರಲಿಲ್ಲ. ಹೋಗಲಿ ಬಿಡಿ.

ಆಗ ಊರಲ್ಲಿ ಈ ಹುಚ್ಚಿನವರು ನನಗೆ ಗೊತ್ತಿದ್ದಂತೆ ಮೂವರು. ಒಬ್ಬ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಇನ್ನೊಬ್ಬ ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನಲ್ಲಿ ಶಿಫ್ಟಿಗೆ ಹೋಗುವವನು. ಮೂರನೆಯವನು ನಾನು, ಜೆರಾಕ್ಸ್ ಅಂಗಡಿಯವನು. ಮೂರೇ ಜನ, ಆದರೂ ಎರಡು ಪಂಗಡ. ಮಾಸ್ಟರ್ ಡೆತ್ ಮೆಟಲ್ ಕಡೆ. ಶಿಫ್ಟಿನವನು ನಾರ್ವೆಯ ಬ್ಲ್ಯಾಕ್ ಮೆಟಲ್ ಕಡೆ. ನಾರ್ವೆಯವರು ತೊಂಬತ್ತರ ದಶಕದಲ್ಲಿ ಮುಖಕ್ಕೆ ಹೆಣದ ಹಾಗೆ ಕಪ್ಪು ಬಿಳಿ ಬಳಿದುಕೊಂಡು, ಬೇಕಂತಲೇ ಕಳಪೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ಅಷ್ಟು ಕಷ್ಟಪಟ್ಟು ಕೆಡಿಸಿದ್ದನ್ನು ಮಾಸ್ಟರ್ ‘ರೇಡಿಯೋ ಸ್ಟೇಷನ್ ಸರಿಯಾಗಿ ಹಿಡಿದಿಲ್ಲ’ ಅನ್ನುತ್ತಿದ್ದ. ಅದಕ್ಕೆ ಎರಡು ವಾರ ಮಾತು ಬಿಟ್ಟಿದ್ದಾರೆ. ನಡುವೆ ಸಂದೇಶ ಮುಟ್ಟಿಸುವ ಕೆಲಸ ನನ್ನದು. ನಾನು ಹಳೇ ಥ್ರ್ಯಾಶ್, ಅಂದರೆ ಎಂಬತ್ತರ ದಶಕದ ವೇಗದ ಮೆಟಲ್, ಕೇಳುವವನಾದ್ದರಿಂದ ಇಬ್ಬರಿಗೂ ನಾನು ಸ್ವಲ್ಪ ಕೆಳಗಿನವನೇ.

ಆ ನಾರ್ವೆ ಹಾಡುಗಳ ತುಂಬ ಹಿಮ, ಕಾಡು, ಕತ್ತಲು. ಮೇ ತಿಂಗಳಲ್ಲಿ 42 ಡಿಗ್ರಿಯಲ್ಲಿ ಒದ್ದೆ ಟವೆಲ್ ಹೊದ್ದುಕೊಂಡು ನಾವು ಅದನ್ನು ಕೇಳುತ್ತಿದ್ದೆವು. ಮೂರರಲ್ಲಿ ಕತ್ತಲು ಮಾತ್ರ ನಮಗೂ ಸಿಗುತ್ತಿತ್ತು, ಕರೆಂಟು ಹೋದಾಗ.

ಮೆಟಲ್‌ನವರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಕರಿ ಟೀಶರ್ಟಿನಿಂದ. ಎದೆಯ ಮೇಲೆ ಬ್ಯಾಂಡಿನ ಹೆಸರು ಇರುತ್ತದೆ. ಓದಲು ಬರಬಾರದು, ಅದೇ ಅದರ ಚೆಂದ. ಹುಣಸೆಮರದ ಬೇರು ಕಿತ್ತು ಇಟ್ಟ ಹಾಗೆ ಇರುತ್ತದೆ. ಶಿಫ್ಟಿನವನು ನನಗೆ ಸಿಕ್ಕಿದ್ದು ಹಾಗೇ. ಜೆರಾಕ್ಸಿಗೆ ಬಂದವನ ಎದೆ ನೋಡಿ ಆ ಬೇರು ಓದಿ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ಆಧಾರ್ ಕಾರ್ಡಿನ ಎರಡು ಪ್ರತಿಗೆ ದುಡ್ಡು ತಗೊಳ್ಳಲಿಲ್ಲ.

ಅದೇ ಧೈರ್ಯದಲ್ಲಿ ಇನ್ನೊಮ್ಮೆ ಮೋತಿ ಸರ್ಕಲ್ ಹತ್ತಿರ ಬೈಕಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬನ ಬೆನ್ನ ಮೇಲೆ ಐರನ್ ಮೇಡನ್ ಬ್ಯಾಂಡಿನ ಹೆಸರು ಕಂಡೆ. ಹಿಂದೆ ಬಿದ್ದೆ. ಹಾರ್ನ್ ಹೊಡೆದೆ. ತೋರುಬೆರಳು, ಕಿರುಬೆರಳು ಎತ್ತಿ ಮೆಟಲ್‌ನವರ ಕೊಂಬಿನ ಸನ್ನೆ ತೋರಿಸಿದೆ. ಅವನು ಗಾಬರಿಯಾಗಿ ಗಾಡಿ ಜೋರು ಮಾಡಿದ. ನಾನೂ ಮಾಡಿದೆ. ಕೊನೆಗೆ ರೈಲ್ವೆ ಗೇಟು ಹಾಕಿತ್ತು, ಸಿಕ್ಕಿಬಿದ್ದ. ‘ಅಣ್ಣಾ, ಕಂತು ಮುಂದಿನ ವಾರ ಕಟ್ತೀನಿ’ ಅಂತ ಕೈ ಮುಗಿದ. ಟೀಶರ್ಟು ಸಂತೆಯಲ್ಲಿ 150 ರೂಪಾಯಿಗೆ ತಗೊಂಡಿದ್ದಂತೆ. ಬ್ಯಾಂಡು ಅಂತ ಗೊತ್ತಿರಲಿಲ್ಲ. ಹೆಸರಲ್ಲಿ ಐರನ್ ಇರುವುದರಿಂದ ಅದಿರು ಕಂಪನಿಯದು ಅಂದುಕೊಂಡಿದ್ದ.

ಮನೆಯಲ್ಲೂ ಪ್ರಯತ್ನ ಮಾಡಿದ್ದೇನೆ. ಬ್ರಿಟನ್ನಿನ ನೇಪಾಮ್ ಡೆತ್ ಬ್ಯಾಂಡಿನ ಒಂದು ಹಾಡು ಬರೀ 1.316 ಸೆಕೆಂಡು. ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆ ಇದೆ. ‘ಏನ್ ಕೇಳ್ತೀಯೋ ಒಂದು ಹಾಕು ನೋಡೋಣ’ ಅಂತ ಅಪ್ಪ ಕನ್ನಡಕ ಹುಡುಕುತ್ತ ಬಂದಾಗ ಅದನ್ನೇ ಹಾಕಿದೆ.

‘ಹಾಕು ಮತ್ತೆ’ ಅಂದರು.

‘ಮುಗೀತಪ್ಪಾ.’

ಅಪ್ಪ ಸ್ವಲ್ಪ ಯೋಚಿಸಿದರು. ‘ಇದು ಪರವಾಗಿಲ್ಲ’ ಅಂದರು.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯ ಕತೆಯನ್ನು ಹೇಳಿದ್ದು ಸೋದರಮಾವನಿಗೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ 17ನೇ ವಯಸ್ಸಿಗೆ, ಕೆಲಸದ ಕೊನೇ ದಿನವೇ, ಬಲಗೈಯ ಎರಡು ಬೆರಳ ತುದಿ ಕತ್ತರಿಸಿ ಹೋದವು. ಅವನು ಎಡಚ, ಗಿಟಾರಿನ ತಂತಿ ಒತ್ತುವುದೇ ಆ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. 1970ರಲ್ಲಿ ಮೊದಲ ಆಲ್ಬಮ್ ಬಂತು, ಮೆಟಲ್ ಹುಟ್ಟಿತು. ಮುಂದೆ ನೋವು ಕಡಿಮೆಯಾಗಲಿ ಅಂತ ತಂತಿಗಳನ್ನೂ ಸಡಿಲ ಮಾಡಿದ. ಸದ್ದು ಇನ್ನೂ ಆಳಕ್ಕೆ ಇಳಿಯಿತು. 1970ರಲ್ಲಿ ಮೊದಲ ಆಲ್ಬಮ್ ಬಂತು, ಮೆಟಲ್ ಹುಟ್ಟಿತು. ಹೇಳುವಾಗ ನನಗೇ ಮೈ ಜುಮ್ ಅಂದಿತ್ತು. ಮಾವ ಸ್ಟೀಲ್ ಪ್ಲಾಂಟಿನಲ್ಲಿ ಸೇಫ್ಟಿ ವಿಭಾಗದವನು. ಪೂರ್ತಿ ಕೇಳಿ, ‘ಮಷಿನ್‌ಗೆ ಗಾರ್ಡ್ ಇರಲಿಲ್ವಾ?’ ಅಂದ.

ಇನ್ನು ಗ್ರೌಲ್, ಡೆತ್ ಮೆಟಲ್‌ನವರು ಗುರುಗುಟ್ಟಿ ಹಾಡುವ ಪರಿ. ಗಂಟಲಲ್ಲಿ ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಹೊಟ್ಟೆಯಿಂದ ಉಸಿರು ತಂದು ಅವನ್ನು ಅದುರಿಸಬೇಕು, ಗಂಟಲು ಹಿಂಡಬಾರದು. ನಾನು ಗಂಟಲನ್ನೇ ಹಿಂಡಿದೆ. ಮಾಳಿಗೆಯ ಮೇಲೆ, ಸಂಜೆ ಏಳಕ್ಕೆ. ಐದು ನಿಮಿಷದಲ್ಲಿ ಪಕ್ಕದ ಮನೆ ಅಜ್ಜಿ ಮೆಣಸಿನ ಕಷಾಯ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕಾಯಿಲೆ ಅಲ್ಲ, ಹಾಡು ಅಂತ ಗೊತ್ತಾದ ಮೇಲೆ ನಿಜವಾಗಿ ಬೇಜಾರು ಮಾಡಿಕೊಂಡರು. ‘ನಮ್ಮೂರ ಬಯಲಾಟದಾಗ ರಕ್ಕಸನ ಪಾತ್ರದವನು ಇದಕ್ಕಿಂತ ಚಲೋ ಕೂಗ್ತಿದ್ದ. ಅವನ ಮಾತು ತಿಳೀತಿತ್ತು’ ಅಂದರು. ವಿಮರ್ಶೆ ಸರಿಯಾಗೇ ಇತ್ತು.

ಅಜ್ಜಿ ಒಪ್ಪಿದ್ದು ಕೊಂಬಿನ ಸನ್ನೆಯನ್ನು ಮಾತ್ರ. ಅದನ್ನು ಮೆಟಲ್‌ಗೆ ಹಚ್ಚಿಸಿದ್ದು ಹಾಡುಗಾರ ರಾನಿ ಜೇಮ್ಸ್ ಡಿಯೊ. ಅವನು ಕಲಿತದ್ದು ಇಟಲಿ ಮೂಲದ ತನ್ನ ಅಜ್ಜಿಯಿಂದ, ಕೆಟ್ಟ ಕಣ್ಣು ತಾಗದಿರಲಿ ಅಂತ ಆಕೆ ಮಾಡುತ್ತಿದ್ದ ಸನ್ನೆ ಅದು. ‘ದೃಷ್ಟಿ ತೆಗೆಯೋದಾ? ಮೊದಲೇ ಹೇಳಬಾರದಾ’ ಅಂದವರು ಈಗ ಮೊಮ್ಮಗ ಜಾಸ್ತಿ ಅತ್ತರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಕೊನೆಗೆ ಒಂದು ಕೊಂಬನ್ನೂ ತೋರಿಸುತ್ತಾರೆ.

ಮೂವರೂ ಒಟ್ಟಿಗೆ ಪ್ರಯಾಣ ಮಾಡಿದ್ದು ಒಂದೇ ಸಲ. 2011ರ ಅಕ್ಟೋಬರ್ 30, ಭಾನುವಾರ, ಬೆಂಗಳೂರಿನ ಅರಮನೆ ಮೈದಾನ, ಅಮೆರಿಕದ ಮೆಟಾಲಿಕ ಬ್ಯಾಂಡಿನ ಕಾರ್ಯಕ್ರಮ. ಎರಡು ದಿನ ಮುಂಚೆ ದೆಹಲಿ ಕಡೆ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಗಿತ್ತು. ಇದೂ ನಿಂತರೆ ಅಂತ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬರೂ ನಿದ್ದೆ ಮಾಡಲಿಲ್ಲ. ‘ಮೆಟಾಲಿಕ ಎಲ್ಲಾ ಮಕ್ಕಳಿಗೆ’ ಅನ್ನುತ್ತಿದ್ದ ಮಾಸ್ಟರ್ ಎಲ್ಲರಿಗಿಂತ ಮುಂಚೆ ಟಿಕೆಟ್ ತೆಗೆಸಿದ್ದ.

ಮೈದಾನ ತುಂಬ ಕರಿ ಟೀಶರ್ಟು. ನಮ್ಮವು ಮಾತ್ರ ಬೇರೆ ಕಾಣುತ್ತಿದ್ದವು. ಬಳ್ಳಾರಿಯ ಬಿಸಿಲಿಗೆ, ಅದಿರಿನ ಧೂಳಿಗೆ ಕಪ್ಪು ಹೋಗಿ ಕಾಫಿ ಬಣ್ಣಕ್ಕೆ ತಿರುಗಿದ್ದವು. ಜೀನ್ಸ್ ಯೂನಿಟ್ಟಿನವನಿಗೂ ಅದನ್ನು ತಿರುಗಿ ಕಪ್ಪು ಮಾಡಲು ಆಗಿರಲಿಲ್ಲ. ಒಬ್ಬ ಹುಡುಗ ಅಕ್ಕರೆಯಿಂದ ಮುಟ್ಟಿ ನೋಡಿ, ‘ವಿಂಟೇಜಾ ಬ್ರೋ, ಎಲ್ಲಿ ಸಿಕ್ತು?’ ಅಂತ ಕೇಳಿದ.

ಆಮೇಲೆ ಗುಂಪು ಗೋಲವಾಗಿ ಸುತ್ತಲು ಶುರುವಾಯಿತು. ಸರ್ಕಲ್ ಪಿಟ್ ಅನ್ನುತ್ತಾರೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆ ಪೆಟ್ಟಿಗೆ ಹೆಜ್ಜೆ ಹಾಕಿ ಬೆಳೆದವರು ನಾವು, ಸುತ್ತುವುದು ನಮಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಅಲ್ಲಿ ಹೆಜ್ಜೆ ಇರುತ್ತದೆ. ಇಲ್ಲಿ ಬರೀ ಡಿಕ್ಕಿ. ನಾನು ಮೂರನೇ ಸುತ್ತಿಗೇ ಬಿದ್ದೆ. ಬಿದ್ದವರನ್ನು ಮೊದಲು ಎತ್ತಬೇಕು ಅನ್ನುವುದು ಅಲ್ಲಿನ ನಿಯಮ. ಓದಿ ಗೊತ್ತಿತ್ತು, ನಂಬಿರಲಿಲ್ಲ. ಬೆನ್ನು ನೆಲಕ್ಕೆ ತಾಗುವ ಮೊದಲೇ ಐದಾರು ಕೈ ಕಂಕುಳಿಗೆ ಬಂದವು. ಗಡ್ಡದವನೊಬ್ಬ ನನ್ನ ಕನ್ನಡಕ ತನ್ನ ಅಂಗಿಯಲ್ಲೇ ಒರೆಸಿ ಹಾಕಿ, ಬೆನ್ನಿಗೊಂದು ಗುದ್ದು ಕೊಟ್ಟು ಮತ್ತೆ ಒಳಗೆ ತಳ್ಳಿದ.

ಕಾಲಲ್ಲಿ ಬಲಗಡೆಯ ಬೂಟು ಇರಲಿಲ್ಲ. ಅಷ್ಟರಲ್ಲಿ ಜನರ ತಲೆ ಮೇಲೆ ಒಂದು ಕೈ ಎದ್ದಿತು, ಕೈಯಲ್ಲಿ ಕರಿ ಬೂಟು. ‘ಯಾರ್ದು ಇದು?’ ನಾನು ಕೂಗಿದೆ. ಅವತ್ತು ಮಾತ್ರ ಗ್ರೌಲ್ ಸರಿಯಾಗಿ ಬಂತು. ಬೂಟು ಕೈಯಿಂದ ಕೈಗೆ ನನ್ನ ತನಕ ಬಂತು. ಕತ್ತಲಲ್ಲಿ ಹೇಗೋ ತುರುಕಿಕೊಂಡೆ. ಕಾಲು ಯಾಕೋ ನೋಯುತ್ತಿತ್ತು, ಕುಣಿದದ್ದಕ್ಕೆ ಇರಬೇಕು ಅಂದುಕೊಂಡೆ. ವಾಪಸ್ ರೈಲಿನಲ್ಲಿ ಬಿಚ್ಚಿ ನೋಡಿದರೆ ಎರಡೂ ಎಡಗಾಲಿನವು.

ಆ ಜೊತೆ ಇವತ್ತಿಗೂ ಅಟ್ಟದ ಮೇಲಿದೆ. ಅಮ್ಮ ಪ್ರತಿ ದೀಪಾವಳಿಗೆ ಎಸೆಯಲು ನೋಡುತ್ತಾಳೆ. ನಾನು ಬಿಡುವುದಿಲ್ಲ. ಎಲ್ಲೋ ಒಬ್ಬ ಎರಡು ಬಲಗಾಲಿನ ಬೂಟು ಇಟ್ಟುಕೊಂಡು ಅವನ ಅಮ್ಮನ ಹತ್ತಿರ ಇದೇ ಜಗಳ ಆಡುತ್ತಿರಬೇಕು.